ಕಾಮರ್ಸ್‌ನವರಿಗೂ ಕುರ್ಚಿ ಹಾಕಿ

ವಿಜ್ಞಾನ ಉಪನ್ಯಾಸಕ್ಕೆ ಹೋದಾಗ ಕೆಲವರು "ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ?" ಎಂದರು. ನನ್ನ ಉತ್ತರ ಇಲ್ಲಿದೆ.

ಗಾಳಿಯಲ್ಲಿನ ರೇಡಾನ್ ಹಂತ ಹಂತವಾಗಿ ಸೀಸ-210 ಆಗುತ್ತದೆ. ಅದರಿಂದ ನಿಧಾನವಾಗಿ ಪೊಲೋನಿಯಂ-210 ಹುಟ್ಟುತ್ತದೆ. ಅಷ್ಟರೊಳಗೆ ಮಳೆ, ಹಿಮ ಸೀಸವನ್ನು ಕೆಳಗಿಳಿಸುವುದರಿಂದ ಅವುಗಳಲ್ಲಿ ಪೊಲೋನಿಯಂ ಪಾಲು ಕಡಿಮೆ. ಆದರೆ ಇಟಲಿಯ ಎಟ್ನಾದಂಥ ಜ್ವಾಲಾಮುಖಿಯ ಶಿಲಾರಸದಿಂದ ಪೊಲೋನಿಯಂ ಸೀಸಕ್ಕಿಂತ ಬಹಳ ಸುಲಭವಾಗಿ ಆವಿಯಾಗಿ ಹೊರಬರುತ್ತದೆ. ಮಳೆನೀರಿನಲ್ಲಿ ಅದರ ಪಾಲು ಏರಿದರೆ, ಧೂಳು, ಕಲ್ಲಿದ್ದಲ ಹೊಗೆ ಕಾರಣವಲ್ಲವೆಂದು ಖಚಿತಪಡಿಸಿಕೊಂಡು, ಜ್ವಾಲಾಮುಖಿಯನ್ನು ಶಂಕಿಸಬಹುದು. ತಡಮಾಡುವಂತಿಲ್ಲ: 138 ದಿನಕ್ಕೆ ಪೊಲೋನಿಯಂ ಅರ್ಧವಾಗುತ್ತದೆ.

ಇದು ಆಡಿಟ್ ಅಲ್ಲದೆ ಇನ್ನೇನು? ಮನೆಯಲ್ಲಿ ಅಮ್ಮಿಗೆ ಉರ್ದುವಿನಲ್ಲಿ ವಿವರಿಸಿದೆ. ಏಳನೇ ಕ್ಲಾಸ್ ಓದಿದ ಅವರು, "ಮುಂದಿನ ಉಪನ್ಯಾಸ ಯಾವಾಗ?" ಎಂದು ಕೇಳಿದರು. ಮುಂದಿನ ಸಲ ನಮಗೂ ಕುರ್ಚಿ ಹಾಕಿ.