ಹದಿನೈದು ಪರ್ಸೆಂಟ್ ಅಂದ್ರೆ ಎಷ್ಟು ಪತ್ರಾ?

ಪುಸ್ತಕದಲ್ಲಿ ನಾವು ಆಲಿಕಲ್ಲು ಅಂತ ಪಾಠ ಮಾಡ್ತೀವಿ. ನಮ್ಮ ಅಕ್ಕಲಕೋಟ ಕಡೆ ಬಾಯಲ್ಲಿ ಬರೋದು ಆಣೆಕಲ್ಲು. ತಹಸೀಲ ಕಚೇರಿಯ ಕಾಗದದಲ್ಲಿ ಅದೇ ಗಾರಪೀಟ್. ಒಂದು ವಸ್ತುವಿಗೆ ಮೂರು ಹೆಸರು ಇರುವುದು ಗಡಿಯಲ್ಲಿ ಇರುವವರಿಗೆ ಹೊಸದಲ್ಲ ಬಿಡಿ. ಆದರೆ ಅದೇ ಕಲ್ಲು ಮನೆಯ ಪತ್ರಾ ಒಡೆದಾಗ ಯಾವ ಕಾಗದದಲ್ಲಿ ಯಾವ ಶಬ್ದ ಬರೆದಿದ್ದಾರೆ ಅನ್ನೋದರ ಮೇಲೆ ದುಡ್ಡು ಬರುತ್ತೋ ಇಲ್ಲವೋ ತೀರ್ಮಾನ ಆಗುತ್ತೆ. ಇವತ್ತು ಆ ಬಗ್ಗೆ ಬರೀಬೇಕು ಅನ್ನಿಸಿತು.

2014ರ ಗಾರಪೀಟ್ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದ ಬಹುಪಾಲು ಜಿಲ್ಲೆಗಳಲ್ಲಿ ಬಿಟ್ಟು ಬಿಟ್ಟು ಕಲ್ಲು ಸುರಿಯಿತು. ಸೊಲ್ಲಾಪುರ, ಉಸ್ಮಾನಾಬಾದ, ಲಾತೂರ ಜಿಲ್ಲೆಗಳಿಗೆ ಜೋರು ಪೆಟ್ಟು. ದ್ರಾಕ್ಷಿ, ದಾಳಿಂಬೆ, ನಿಂತ ಜೋಳ ಎಲ್ಲಾ ಮಣ್ಣಾಯಿತು. ಪೇಪರಿನಲ್ಲಿ ಬಂದದ್ದು ಬೆಳೆಯ ಸುದ್ದಿ. ಬರಬೇಕಾದ್ದೇ. ಆದರೆ ಮನೆಗಳ ಮೇಲೆ ಬಿದ್ದ ಕಲ್ಲಿನ ಸುದ್ದಿ ಮೂಲೆಯಲ್ಲಿ ಎರಡು ಸಾಲು.

ನಮ್ಮ ಮನೆಯ ಮುಂದಿನ ಎರಡು ಖೋಲಿಗೆ ಸ್ಲ್ಯಾಬ್ ಇದೆ, ಹಿಂದಿನ ಭಾಗಕ್ಕೆ ಸಿಮೆಂಟ್ ಪತ್ರಾ. ಹತ್ತು ನಿಮಿಷದ ಮಳೆ. ನಿಂಬೆಹಣ್ಣಿನಷ್ಟು ಕಲ್ಲು. ಮಳೆ ನಿಂತ ಮೇಲೆ ಒಳಗೆ ಹೋಗಿ ನೋಡಿದರೆ ಅಡಿಗೆಮನೆಯಲ್ಲಿ ಆಕಾಶ ಕಾಣಿಸ್ತಿತ್ತು! ಐದು ಹಾಳೆ ಪೂರ್ತಿ ತೂತು. ಉಳಿದವು ಚೆನ್ನಾಗಿವೆ ಅಂದುಕೊಂಡಿದ್ದೆವು. ಮುಂದಿನ ಮಳೆಗೆ ಇನ್ನೂ ಒಂಬತ್ತು ಹಾಳೆ ಸೋರಿದವು. ಸಿಮೆಂಟ್ ಪತ್ರಾದ ಗುಣ ಇದು. ಪೆಟ್ಟು ಬಿದ್ದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತೆ, ಕೆಳಗಿನಿಂದ ಕಾಣೋದಿಲ್ಲ. ತಗಡಿನದು ಬೇರೆ ಕಥೆ. ಹೊಸ ತಗಡು ತಗ್ಗು ಬಿದ್ದು ಸುಮ್ಮನಾಗುತ್ತೆ, ಹಳೆಯ ತುಕ್ಕು ಹಿಡಿದ ತಗಡು ಹರಿಯುತ್ತೆ, ಮೊಳೆ ಹೊಡೆದ ತೂತು ಅಗಲ ಆಗುತ್ತೆ.

ಹಿಂದಿನವರ ಮನೆಗೆ ಈ ತ್ರಾಸ ಇರಲಿಲ್ಲ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಲ್ಲು ಬಿದ್ದರೆ ಕರಗಿ ಹೋಗೋದು ಅಷ್ಟೇ. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ಅದೇ ಮಾಳಿಗೆಯ ಭಾರಕ್ಕೆ, ಅದೇ ಕಲ್ಲಿನ ಗೋಡೆಗೆ ಸಿಕ್ಕು ಸಾವಿರಾರು ಜನ ಮಲಗಿದಲ್ಲೇ ಹೋದರು. ಆ ಭಯ ನಮ್ಮ ಕಡೆಗೂ ಬಂತು. ಮೇಲೆ ಹಗುರ ಇರಲಿ ಅಂತ ಜನ ಪತ್ರಾ ಹಾಕಿಸಿದರು. ಮಾಳಿಗೆಗೆ ವರ್ಷಾ ವರ್ಷಾ ಮಣ್ಣು ಹಾಕೋ ಕೆಲಸವೂ ತಪ್ಪಿತು. ಹಂಗಾಗಿ ಪತ್ರಾ ಹಾಕಿದ್ದು ಬಡತನಕ್ಕೆ ಮಾತ್ರ ಅಲ್ಲ, ಜೀವಭಯಕ್ಕೂ ಹೌದು.

ಇರಲಿ, ವಿಷಯಕ್ಕೆ ಬರ್ತೀನಿ.

ನಮ್ಮ ಪಕ್ಕದ ಮನೆಯ ಅಜ್ಜಿಯದು ಪೂರ್ತಿ ತಗಡಿನ ಮನೆ. ಹನ್ನೆರಡು ಹಾಳೆ, ಅದರಲ್ಲಿ ಐದು ಹರಿದಿದ್ದವು. ಆರು ದಿನದ ಮೇಲೆ ಪಂಚನಾಮೆ ಆಯಿತು. ಅಷ್ಟರಲ್ಲಿ ಅಜ್ಜಿಯ ಮಗ ಸಾಲ ಮಾಡಿ ಮೂರು ಹಾಳೆ ಬದಲಿಸಿದ್ದ. ಮಕ್ಕಳು ಮರಿ ಇರೋ ಮನೆ, ಆರು ದಿನ ಆಕಾಶ ನೋಡ್ತಾ ಮಲಗೋಕೆ ಆಗುತ್ತಾ? ಬಂದವರು ಬಾಗಿಲಲ್ಲೇ ನಿಂತು ನೋಡಿ ಬರೆದುಕೊಂಡರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಯಾದಿ ಬಂದಾಗ ಅವಳ ಹೆಸರು ಇರಲಿಲ್ಲ. ವಿಚಾರಿಸಿದರೆ ಪಂಚನಾಮೆಯಲ್ಲಿ 'ಪಡಝಡ' ಇಲ್ಲ ಅಂತ ಬರೆದಿದೆ ಅಂದರು. ಪಡಝಡ ಅಂದರೆ ಮರಾಠಿಯಲ್ಲಿ ಬೀಳೋದು, ಕುಸಿಯೋದು. ಗೋಡೆ ಬಿದ್ದಿರಲಿಲ್ಲ, ನಿಜ. ಮನೆ ಜರಡಿ ಆಗಿತ್ತು ಅಷ್ಟೇ. ಜರಡಿಗೆ ಆ ಕಾಗದದಲ್ಲಿ ಖಾನೆ ಇರಲಿಲ್ಲ.

ತಲಾಠಿಯನ್ನು ಬೈಯೋದು ಸುಲಭ, ನಾನು ಬೈಯೋದಿಲ್ಲ. ಒಬ್ಬ ಮನುಷ್ಯ ಎಷ್ಟೋ ಹಳ್ಳಿ ನೋಡಬೇಕು, ಮೊದಲು ಹೊಲ ತೋಟ ಬರೀಬೇಕು. ನನ್ನ ತಕರಾರು ಅವನು ಹಿಡಿದಿರುವ ಅಳತೆಕೋಲಿನ ಬಗ್ಗೆ.

ಆ ಅಳತೆಕೋಲು ಏನು ಅಂತ ನೋಡಿ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ ದರ ಹಾಕಿಕೊಡುತ್ತೆ. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಹಾಕಿದ ದರದಲ್ಲಿ ಬಯಲುಸೀಮೆಯಲ್ಲಿ ಮನೆ ಪೂರ್ತಿ ಹೋದರೆ 1,20,000 ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಭಾಗಶಃ ಅನ್ನೋದಕ್ಕೂ ಒಂದು ಗೆರೆ ಇದೆ: ಹಾನಿ ಕಡಿಮೆ ಅಂದರೂ ಶೇಕಡಾ 15 ಇರಬೇಕು. ಹದಿನಾಲ್ಕು ಆದರೆ ಸೊನ್ನೆ.

ಶೇಕಡಾ 15, ಆದರೆ ಯಾವುದರ 15? ಗಣಿತದ ಮೇಷ್ಟ್ರಿಗೆ ಮೊದಲು ಹೊಳೆಯೋ ಪ್ರಶ್ನೆ ಇದು. ಇಡೀ ಮನೆಯದೋ, ಸೂರಿನದೋ? ಏಳನೇ ಇಯತ್ತೆಯ ಮಕ್ಕಳಿಗೆ ನಾನು ಕೊಡೋ ಲೆಕ್ಕ ನಿಮಗೂ ಕೊಡ್ತೀನಿ. 30 ಅಡಿ ಉದ್ದ, 20 ಅಡಿ ಅಗಲದ ಮನೆ. ಎರಡೂ ಕಡೆ ಇಳಿಜಾರು. ಹತ್ತಡಿ ಉದ್ದದ ಸಿಮೆಂಟ್ ಹಾಳೆ, ಅಗಲ 1.05 ಮೀಟರ್, ಒಂದರ ಮೇಲೊಂದು ಕೂರಿಸಿದ ಮೇಲೆ ಸಿಗೋದು ಸುಮಾರು 3 ಅಡಿ 4 ಇಂಚು. ಒಂದು ಕಡೆಗೆ ಒಂಬತ್ತು ಹಾಳೆಯಲ್ಲಿ ಹೆಚ್ಚುಕಡಿಮೆ ಮುಗಿಯುತ್ತೆ, ಅಂಚು ಬಿಡಬೇಕು ಅಂದರೆ ಹತ್ತು. ಎರಡೂ ಕಡೆ ಸೇರಿ ಇಪ್ಪತ್ತು. ಸೂರಿನ ಲೆಕ್ಕ ಹಿಡಿದರೆ ಮೂರು ಹಾಳೆ ಒಡೆದರೆ ಸಾಕು, ಸರಿಯಾಗಿ ಶೇಕಡಾ 15. ಇಡೀ ಮನೆಯ ಲೆಕ್ಕ ಹಿಡಿದರೆ? ಗೋಡೆ ಇದೆ, ನೆಲ ಇದೆ, ಬಾಗಿಲು ಇದೆ. ಆಗ ಅರ್ಧ ಸೂರು ಹೋದರೂ 'ಇಷ್ಟೇನಾ' ಅನ್ನಬಹುದು. ಎರಡು ಲೆಕ್ಕದ ನಡುವೆ ಅಜ್ಜಿಯಂಥವರ ಹೆಸರು ಹಾರಿಹೋಗುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ನೆರೆ ಬಂದರೆ ಗೋಡೆ ನೋಡಿ. ಭೂಕಂಪ ಆದರೆ ಬುನಾದಿ ನೋಡಿ. ಆಣೆಕಲ್ಲು ಬಿದ್ದರೆ ಸೂರು ನೋಡಬೇಕು, ಶೇಕಡಾ 15 ಅನ್ನೋದನ್ನು ಸೂರಿನ ಮೇಲೇ ಅಳೆಯಬೇಕು, ಕಣ್ಣಂದಾಜಿನಲ್ಲಿ ಅಲ್ಲ, ಹಾಳೆ ಎಣಿಸಿ. ಆಣೆಕಲ್ಲು ಗೋಡೆಯನ್ನು ಮುಟ್ಟೋದೇ ಅಪರೂಪ. ಹಾನಿ ಆಗದ ಗೋಡೆಯನ್ನು ಲೆಕ್ಕಕ್ಕೆ ಸೇರಿಸಿ ಹಾನಿಯನ್ನು ಸಣ್ಣದು ಮಾಡೋದು ಯಾವ ನ್ಯಾಯ?

ಇನ್ನು ಆ 6,500ರ ಮಾತು. ಇವತ್ತು ಹತ್ತಡಿ ಹಾಳೆ ನಮ್ಮ ಪೇಟೆಯಲ್ಲಿ ಸಾವಿರದ ಆಸುಪಾಸು. ಅಂದರೆ ಆರು ಹಾಳೆ ಬರುತ್ತೆ. ಹುಕ್ಕು, ವಾಷರ್, ನೆತ್ತಿಗೆ ಕೂರಿಸೋ ರಿಡ್ಜ್, ಸೊಲ್ಲಾಪುರದಿಂದ ಟೆಂಪೋ ಬಾಡಿಗೆ, ಮಿಸ್ತ್ರಿಯ ಕೂಲಿ... ಇವೆಲ್ಲಾ ಕೈಯಿಂದ. ಗಾರಪೀಟ್ ಆದ ವಾರದಲ್ಲಿ ಪತ್ರಾ ಅಂಗಡಿಯವನು ಹೇಳಿದ್ದೇ ದರ, ಮಿಸ್ತ್ರಿ ಸಿಗೋದೇ ಭಾಗ್ಯ.

ಹಾಗಾದರೆ ವಿಮೆ? ನನ್ನದೇ ಕಥೆ ಹೇಳ್ತೀನಿ. ಮನೆಗೆ 2006ರಲ್ಲಿ ಸಾಲ ತೆಗೆದಾಗ ಬ್ಯಾಂಕಿನವರು ಒಂದು ವಿಮೆ ಮಾಡಿಸಿದ್ದರು. ವರ್ಷಾ ವರ್ಷಾ ಖಾತೆಯಿಂದ ಹಣ ಹೋಗ್ತಾನೇ ಇತ್ತು. ಅದು ಸಾಲಕ್ಕೆ ಮಾಡಿಸಿದ ವಿಮೆ ಅಂದುಕೊಂಡು ಎಂಟು ವರ್ಷ ಕಾಗದ ಬಿಚ್ಚಿ ಓದಿರಲಿಲ್ಲ. ಮೇಷ್ಟ್ರು ಬೇರೆ! ಕಲ್ಲು ಬಿದ್ದ ಮೇಲೆ ಪೆಟ್ಟಿಗೆಯಿಂದ ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ಬಿರುಗಾಳಿಯ ಹಾನಿಯೂ ಸೇರಿದೆ ಅಂತ ತಿಳಿಯೋಕೆ ಎರಡು ಸಂಜೆ ಹಿಡಿಯಿತು. ಅರ್ಜಿ ಹಾಕಿದೆ. ಹದಿನಾಲ್ಕು ಹಾಳೆ, ರಿಡ್ಜ್, ಹುಕ್ಕು ಸೇರಿ ಸಾಮಾನು 10,000, ಕೂಲಿ 5,000, ಒಟ್ಟು 15,000ದ ಬಿಲ್ಲು. ಸರ್ವೇಯರ್ ಬಂದು ಹೋದ. ಎಂಟು ವರ್ಷ ಹಳೆಯ ಪತ್ರಾ ಅಂತ ಸಾಮಾನಿನಲ್ಲಿ ಶೇಕಡಾ 40 ಕಡಿತ. ಒಡೆದ ಹಾಳೆ ಇಳಿಸಿದ ಕೂಲಿ 2,000 ಒಪ್ಪಲಿಲ್ಲ. ಕೈಗೆ ಬಂದದ್ದು 9,000, ಅದೂ ದೀಪಾವಳಿ ಹೊತ್ತಿಗೆ.

ಕಡಿಮೆ ಬಂತು ಅಂತ ಆಗ ಬೈದಿದ್ದೆ. ಪಕ್ಕದ ಮನೆಯ ಅಜ್ಜಿಗೆ ಒಂದು ರೂಪಾಯಿಯೂ ಬರಲಿಲ್ಲ ಅನ್ನೋದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಆಮೇಲೆ ನಿಯಮ ಸುಧಾರಿಸಿದೆ, ಅದನ್ನೂ ಹೇಳಬೇಕು. 2021ರ ಏಪ್ರಿಲ್ 1ರಿಂದ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ ಗೃಹ ರಕ್ಷಾ' ಅನ್ನೋ ಒಂದೇ ನಮೂನೆಯ ಮನೆ ವಿಮೆ ಮಾರಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಹೊರಗಿನ ವಸ್ತು ಬಡಿದು ಆಗೋ ಹಾನಿ ಎಲ್ಲಾ ಅದರಲ್ಲಿವೆ. ಮೊದಲು ಇನ್ನೊಂದು ತೊಡಕು ಇತ್ತು. ನಾಲ್ಕು ಲಕ್ಷದ ಮನೆಗೆ ಎರಡು ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, ಸಣ್ಣ ಹಾನಿಗೂ ಅರ್ಧವೇ ಕೊಡೋರು. ಈ ನಮೂನೆಯಲ್ಲಿ ಆ ಕಡಿತ ಇಲ್ಲ. ವಿಮೆ ಮಾಡಿಸುವಾಗ ಜಾಗದ ಬೆಲೆ ಸೇರಿಸಬೇಡಿ, ಕಟ್ಟೋ ಖರ್ಚು ಮಾತ್ರ ಹಿಡಿಯಿರಿ. ಹಳ್ಳಿಯ ಸಾಧಾರಣ ಮನೆಗೆ ವರ್ಷಕ್ಕೆ ಕೆಲವು ನೂರು ರೂಪಾಯಿಯಲ್ಲಿ ಆಗುತ್ತೆ. ನಾವು ಮೋಟರ್ ಸೈಕಲ್ಲಿಗೆ ಅದಕ್ಕಿಂತ ಹೆಚ್ಚು ಕಟ್ತೀವಿ, ಪೊಲೀಸ್ ಹಿಡೀತಾರೆ ಅಂತ!

ಬೆಳೆವಿಮೆ ಗೊತ್ತಿಲ್ಲದ ರೈತ ನಮ್ಮ ತಾಲೂಕಿನಲ್ಲಿ ಇಲ್ಲ. ಆಣೆಕಲ್ಲು ಬಿದ್ದರೆ 72 ತಾಸಿನೊಳಗೆ ತಿಳಿಸಬೇಕು ಅನ್ನೋದು ಕುರಿ ಕಾಯೋ ಹುಡುಗನಿಗೂ ಗೊತ್ತು. ಯಾಕೆ? ಕೃಷಿ ಇಲಾಖೆಯವರು ಊರೂರಿಗೆ ಬಂದು ಹೇಳಿದರು, ಗೋಡೆಯ ಮೇಲೆ ಬರೆದರು. ಮನೆಯ ವಿಮೆ ಬಗ್ಗೆ ಹೇಳೋಕೆ ಇಲ್ಲಿಯವರೆಗೆ ಯಾರೂ ಬಂದಿಲ್ಲ. ಹೊಲದ ಬೆಳೆಗೆ ಇರೋ ಆಸರೆ ತಲೆಯ ಮೇಲಿನ ಸೂರಿಗೆ ಯಾಕೆ ಬೇಡ?

ಸರ್ಕಾರ ಅಳತೆ ಬದಲಿಸೋವರೆಗೆ ಕೂತಿರೋಕೆ ಆಗೋದಿಲ್ಲ. ನಾವು ಮಾಡಬಹುದಾದ ಕೆಲಸ ಇವೆ. ಕಲ್ಲು ಬೀಳೋ ಮೊದಲೇ, ಅಂದರೆ ಸಂಕ್ರಾಂತಿ ಮುಗಿದ ಕೂಡಲೇ, ಸೂರಿನ ಫೋಟೋ ಒಳಗಿನಿಂದಲೂ ಹೊರಗಿನಿಂದಲೂ ತೆಗೆದಿಡಿ. ಯಾಕಂದರೆ ಕಲ್ಲು ಬಿದ್ದ ಮೇಲೆ 'ಇದು ಹಳೇ ತುಕ್ಕಿನ ತೂತು' ಅಂತ ಮೊದಲ ಮಾತು ಬರುತ್ತೆ, ಸವೆತಕ್ಕೆ ವಿಮೆ ಇಲ್ಲ. ಒಟ್ಟು ಎಷ್ಟು ಹಾಳೆ ಅಂತ ಬರೆದಿಡಿ. ಬಿದ್ದ ದಿನ ಮತ್ತೆ ಫೋಟೋ, ಕಲ್ಲನ್ನು ಸ್ಕೇಲಿನ ಪಕ್ಕ ಇಟ್ಟು. ಮನೆ ಮುಚ್ಚೋಕೆ ತಾಡಪತ್ರಿ ಹಾಕಿ, ಅದರ ಚೀಟಿ ಇಡಿ. ಒಡೆದ ಹಾಳೆ ಬಿಸಾಡಬೇಡಿ, ನೋಡೋರು ಬರೋವರೆಗೆ ಹಿತ್ತಲಲ್ಲಿ ಇರಲಿ. ಸಿಮೆಂಟ್ ಪತ್ರಾದಲ್ಲಿ ಕಲ್ನಾರು ಇರುತ್ತೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಣಗಿದ್ದನ್ನು ಕೊಯ್ಯಬೇಡಿ, ಗುಡಿಸಬೇಡಿ, ನೀರು ಹಾಕಿ ತೆಗೆಯಿರಿ, ಮಕ್ಕಳನ್ನು ದೂರ ಇಡಿ. ಪಂಚನಾಮೆಯಲ್ಲಿ 'ಇಪ್ಪತ್ತು ಹಾಳೆಯಲ್ಲಿ ಐದು ನಿರುಪಯುಕ್ತ' ಅಂತ ಅಂಕಿ ಬರೆಸಿ. ಹೆಬ್ಬೆಟ್ಟು ಒತ್ತೋ ಮೊದಲು ಓದಿಸಿ ಕೇಳಿ.

ವಿಮೆ ಇದ್ದವರಿಗೆ ಒಂದು ಮಾತು. 2024ರಲ್ಲಿ ಬಂದ ನಿಯಮದ ಪ್ರಕಾರ ತಿಳಿಸಿದ 24 ತಾಸಿನಲ್ಲಿ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ಅವನ ವರದಿ ಬರಬೇಕು, ಆಮೇಲೆ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ನನ್ನ ಹಾಗೆ ದೀಪಾವಳಿವರೆಗೆ ಕಾಯಬೇಕಿಲ್ಲ. ಮೊದಲು ಕಂಪನಿಗೆ ಲಿಖಿತ ತಕರಾರು ಕೊಡಿ. ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಪುಣೆಯಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಖರ್ಚಿಲ್ಲ, ವಕೀಲ ಬೇಕಿಲ್ಲ.

ಕೊನೆಗೆ ನಮ್ಮ ಶಾಲೆಯ ಮಾತು. ನಮ್ಮ ಮಕ್ಕಳ ಮನೆಯಲ್ಲಿ ವಿಮೆಯ ಕಾಗದ ಇಂಗ್ಲಿಷಿನಲ್ಲಿ, ಪಂಚನಾಮೆ ಮರಾಠಿಯಲ್ಲಿ, ಅಳು ಮಾತ್ರ ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಓದಿದರೆ ಏನು ಉಪಯೋಗ ಅಂತ ಪಾಲಕರು ಕೇಳಿದಾಗಲೆಲ್ಲಾ ನನಗೆ ಆ ಅಜ್ಜಿಯ ಹೆಬ್ಬೆಟ್ಟು ನೆನಪಾಗುತ್ತೆ. ಹೋದ ವರ್ಷದಿಂದ ಏಳನೇ ಇಯತ್ತೆಗೆ ಕ್ಷೇತ್ರಫಲದ ಪಾಠ ಬಂದಾಗ ಮನೆಯ ಪತ್ರಾ ಎಣಿಸಿಕೊಂಡು ಬರೋದೇ ಮನೆಪಾಠ. ಜೊತೆಗೆ ಒಂದು ಪಂಚನಾಮೆಯ ನಮೂನೆ ತಂದು ಒಂದೊಂದೇ ಮರಾಠಿ ಶಬ್ದಕ್ಕೆ ಕನ್ನಡದಲ್ಲಿ ಅರ್ಥ ಬರೆಸ್ತೀನಿ. ಪಠ್ಯದಲ್ಲಿ ಇಲ್ಲದ್ದು ಯಾಕೆ ಅಂತ ಒಬ್ಬರು ಕೇಳಿದರು. ಮುಂದಿನ ಗಾರಪೀಟ್ ಆದಾಗ ಅಜ್ಜಿಯ ಪಕ್ಕ ನಿಂತು ಓದಿ ಹೇಳೋಕೆ ಒಂದು ಹುಡುಗಿ ಇರಬೇಕಲ್ಲ ಸರ್ ಅಂದೆ.

ನಿಮ್ಮ ಮನೆಗೆ ಎಷ್ಟು ಹಾಳೆ ಇದೆ, ಗೊತ್ತಾ? ಈ ಭಾನುವಾರ ಎಣಿಸಿ ನೋಡಿ.