ಮುಚ್ಚಿದ ಬಾಗಿಲ ಮುಂದೆ

ಮನೆಯಲ್ಲಿ ಸಾವಾದಾಗ ದೊಡ್ಡವರು ಮಕ್ಕಳ ಎದುರು ಅಳುವುದಿಲ್ಲ, ಮಕ್ಕಳು ದೊಡ್ಡವರ ಎದುರು ಅಳುವುದಿಲ್ಲ. ತನ್ನ ದುಃಖ ಇನ್ನೊಬ್ಬರಿಗೆ ಹೊರೆಯಾಗದಿರಲಿ ಎಂಬ ಕಾಳಜಿ. ದೈವಭಕ್ತರ ಮನೆಯಾದರೆ ಮತ್ತೊಂದು ಅಂಜಿಕೆಯೂ ಸೇರಿಕೊಳ್ಳುತ್ತದೆ. ‘ಯಾಕೆ ಹೀಗೆ ಮಾಡಿದೆ?’ ಎಂದು ದೇವರನ್ನು ಕೇಳಿದರೆ ನಂಬಿಕೆ ಕುಂದಿತೆಂದು ನಾಲ್ಕು ಜನ ತಿಳಿದಾರು!

ನಾರ್ನಿಯಾ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್ ಕ್ರೈಸ್ತ ನಂಬಿಕೆಯನ್ನು ಸಾಮಾನ್ಯರಿಗೆ ತಿಳಿಸಿ ಹೇಳಿದವರಲ್ಲಿ ಬಹಳ ಹೆಸರಾದವರು. ದೇವರು ಒಳ್ಳೆಯವನಾದರೆ ಜಗತ್ತಿನಲ್ಲಿ ನೋವೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ 1940ರಲ್ಲೇ ಒಂದು ಪುಸ್ತಕ ಬರೆದಿದ್ದರು. 1957ರ ಮಾರ್ಚಿಯಲ್ಲಿ, ಕ್ಯಾನ್ಸರಿನಿಂದ ಮಲಗಿದ್ದ ಜಾಯ್ ಡೇವಿಡ್‌ಮನ್ ಅವರೊಡನೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಅವರ ವಿವಾಹವಿಧಿ ನಡೆಯಿತು. ಪಾದ್ರಿಗಳು ರೋಗಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಇನ್ನು ಉಳಿಯುವುದಿಲ್ಲ ಎನ್ನಿಸಿಕೊಂಡಿದ್ದ ಜಾಯ್ ಎದ್ದು ಓಡಾಡಿದರು. ಆದರೆ ರೋಗ ಮರುಕಳಿಸಿತು. 1960ರ ಜುಲೈ 13ರಂದು ಅವರು ತೀರಿಕೊಂಡರು.

ಇಪ್ಪತ್ತು ವರ್ಷಗಳ ಹಿಂದೆ ಬರೆದಿಟ್ಟ ಉತ್ತರ ಆಗ ಲೂಯಿಸ್ ಅವರ ನೆರವಿಗೆ ಬರಲಿಲ್ಲ. ಮನೆಯಲ್ಲಿ ಕೈಗೆ ಸಿಕ್ಕ ಖಾಲಿ ನೋಟುಪುಸ್ತಕಗಳಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯತೊಡಗಿದರು. ಸುಖದಲ್ಲಿದ್ದಾಗ ಹತ್ತಿರವೇ ಇದ್ದಂತೆ ತೋರುವ ದೇವರು, ದಿಕ್ಕೆಟ್ಟು ಹೋದಾಗ ಮುಖದ ಮೇಲೆ ಬಾಗಿಲು ಮುಚ್ಚಿ ಅಗಳಿ ಹಾಕಿಕೊಳ್ಳುತ್ತಾನೆ ಎಂದೂ ಬರೆದರು. ಆ ಬರಹಗಳು 1961ರಲ್ಲಿ ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಪುಸ್ತಕವಾಗಿ ಬಂದಾಗ ಮೇಲೆ ಅವರ ಹೆಸರಿರಲಿಲ್ಲ; ಇಟ್ಟದ್ದು ಬೇರೊಂದು ಹೆಸರು. ನಿಮ್ಮ ದುಃಖಕ್ಕೆ ಇದು ಒಳ್ಳೆಯ ಪುಸ್ತಕವೆಂದು ಸ್ನೇಹಿತರು ಅದನ್ನು ಲೂಯಿಸ್ ಅವರಿಗೇ ತಂದುಕೊಟ್ಟರು ಎಂದು ಹೇಳುವುದುಂಟು.

ಇಷ್ಟು ಕಟುವಾಗಿ ಮಾತಾಡುವುದು ಭಕ್ತನಿಗೆ ಸಲ್ಲುತ್ತದೆಯೆ? ಬೈಬಲಿನಲ್ಲಿ ಯೋಬ ಇದಕ್ಕಿಂತ ಕಟುವಾಗಿ ಕೇಳಿದ್ದಾನೆ. ಕೀರ್ತನೆಗಳಲ್ಲಿ ಎಷ್ಟೋ ದೇವರ ಮೇಲಿನ ದೂರುಗಳೇ. ಅಂಥದೊಂದರ ಮೊದಲ ಸಾಲನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು. ಬೇಥಾನ್ಯದಲ್ಲಿ ಗೆಳೆಯ ಲಾಜರ ಸತ್ತಾಗ, ಇನ್ನೇನು ಅವನನ್ನು ಎಬ್ಬಿಸಲಿದ್ದರೂ, ಅವನ ಅಕ್ಕತಂಗಿಯರ ಅಳು ಕಂಡು ಯೇಸು ತಾನೂ ಅತ್ತ. ಅಳಬೇಡಿರೆಂದು ಉಪದೇಶ ಮಾಡಲಿಲ್ಲ.

ಲೂಯಿಸ್ ಅವರಿಗೆ ಸಾಂತ್ವನ ಬಂದದ್ದು ಯಾವ ದರ್ಶನದಿಂದಲೂ ಅಲ್ಲ. ಒಂದು ಬೆಳಿಗ್ಗೆ ಮನಸ್ಸು ಹಗುರಾಗಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು. ಎಷ್ಟೋ ದಿನ ಕವಿದಿದ್ದ ಮೋಡ ಸರಿದು ಬಿಸಿಲು ಬಿದ್ದಿತ್ತು. ಕಾರಣಗಳು ಇಷ್ಟು ಸಾಧಾರಣವೆಂದು ಅವರೇ ಬರೆದುಕೊಂಡಿದ್ದಾರೆ. ದುಃಖ ಸ್ವಲ್ಪ ಸಡಿಲವಾದಾಗಲೇ ಹೆಂಡತಿಯ ನೆನಪು ಸ್ಪಷ್ಟವಾಯಿತು. ಬಾಗಿಲಿಗೆ ಅಗಳಿಯೇ ಇಲ್ಲವೇನೋ, ತಾನು ಬಡಿದ ಸದ್ದಿನಲ್ಲಿ ಒಳಗಿನ ದನಿ ಕೇಳಿಸಲಿಲ್ಲವೇನೋ ಅನ್ನಿಸಿತು. ‘ಯಾಕೆ’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಆದರೆ ಈಗಿನ ಮೌನ ಬಾಗಿಲು ಮುಚ್ಚಿದವನ ಮೌನದಂತಿರಲಿಲ್ಲ.

ಆ ಪುಸ್ತಕದಲ್ಲಿ ತಂದೆತಾಯಿಯರು ಓದಲೇಬೇಕಾದ ಜಾಗ ಇನ್ನೊಂದಿದೆ. ಜಾಯ್ ಅವರಿಗೆ ಮೊದಲ ಮದುವೆಯ ಇಬ್ಬರು ಗಂಡುಮಕ್ಕಳು. ಕಿರಿಯ ಡಗ್ಲಸ್‌ಗೆ ಆಗ 14 ವರ್ಷ. ತಾಯಿಯ ಮಾತೆತ್ತಿದರೆ ಸಾಕು, ಹುಡುಗರ ಮುಖದಲ್ಲಿ ಮುಜುಗರ. ಮಾತು ನಿಂತರೆ ಸಾಕೆಂಬ ಭಾವ. ಲೂಯಿಸ್ ಅವರನ್ನು ತಪ್ಪುಹಿಡಿಯಲಿಲ್ಲ. ಬೆಲ್‌ಫಾಸ್ಟಿನಲ್ಲಿ 1908ರಲ್ಲಿ ತನ್ನ ತಾಯಿ ಕ್ಯಾನ್ಸರಿನಿಂದ ಸತ್ತಾಗ ಒಂಬತ್ತು ವರ್ಷದ ತಾನೂ ತಂದೆಯ ಎದುರು ಹೀಗೇ ಇದ್ದದ್ದು ಅವರಿಗೆ ನೆನಪಿತ್ತು.

ಎಷ್ಟೋ ವರ್ಷಗಳ ಮೇಲೆ ಡಗ್ಲಸ್ ಅದೇ ಪುಸ್ತಕಕ್ಕೆ ಮುನ್ನುಡಿ ಬರೆದ. ಆ ಮುಜುಗರದ ಕಾರಣವನ್ನು ಅಲ್ಲಿ ಹೇಳಿದ. ಅಮ್ಮನ ಸುದ್ದಿ ಬಂದರೆ ತಾನು ಅತ್ತುಬಿಡುತ್ತೇನೆ, ಅದಕ್ಕಿಂತ ಹೆಚ್ಚಾಗಿ ಲೂಯಿಸ್ ಅತ್ತುಬಿಡುತ್ತಾರೆ ಎಂಬ ಭಯ. ಅಳುವುದು ಅವಮಾನವೆಂದು ಶಾಲೆ ಕಲಿಸಿತ್ತು. ಈ ಮಾತು ಕೇಳಿಸಿಕೊಳ್ಳಲು ಲೂಯಿಸ್ ಇರಲಿಲ್ಲ. 1963ರ ನವೆಂಬರ್ 22ರಂದೇ ಅವರು ತೀರಿಕೊಂಡಿದ್ದರು.