ಶ್ರೀಲಂಕಾ ಕಲಿಸಿದ ಪಾಠ ಮತ್ತು ನಮ್ಮ ನೆರೆಹೊರೆ ನೀತಿ

ವಿದೇಶಾಂಗ ನೀತಿ ದೆಹಲಿಯ ವ್ಯವಹಾರ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿಯುವವನಿಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ಅಂಥವರು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳನ್ನು ಒಮ್ಮೆ ನೋಡಿಬರಬೇಕು. ಪೂರ್ವ ಪಾಕಿಸ್ತಾನದಲ್ಲಿ ನೆಲೆ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳು ಅಲ್ಲಿ ಅರ್ಧ ಶತಮಾನದಿಂದ ಬಾಳುತ್ತಿವೆ. ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ದೊರೆತದ್ದು 2024ರಲ್ಲಿ! ನೆರೆಯವರೊಡನೆ ನಾಡು ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆ ನಮ್ಮದೂ ಹೌದು.

ಈ ವಿಷಯದಲ್ಲಿ ಭಾರತ ದುಬಾರಿ ಬೆಲೆ ತೆತ್ತದ್ದು ಶ್ರೀಲಂಕೆಯಲ್ಲಿ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಗೌರವರಕ್ಷೆಯ ಸಾಲಿನಲ್ಲಿದ್ದ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ನಮ್ಮ ಪ್ರಧಾನಿಗೆ ಹೊಡೆದ. ಶಸ್ತ್ರ ಒಪ್ಪಿಸಿಕೊಳ್ಳಲು ಹೋದ ನಮ್ಮ ಶಾಂತಿಪಾಲನಾ ಪಡೆ ಅಕ್ಟೋಬರಿನಲ್ಲಿ ತಮಿಳು ಹುಲಿಗಳೊಡನೆ ಯುದ್ಧಕ್ಕಿಳಿಯಬೇಕಾಯಿತು. ಸಿಂಹಳರ ಕಣ್ಣಿಗೆ ನಾವು ಅತಿಕ್ರಮಣಕಾರರು, ತಮಿಳರ ಕಣ್ಣಿಗೆ ವಂಚಕರು. 1989ರಲ್ಲಿ ಅಧ್ಯಕ್ಷ ಪ್ರೇಮದಾಸರು ಹೊರಡಿರೆಂದರು. ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್ 24ರಂದು ಕೊನೆಯ ತುಕಡಿ ಮರಳಿದಾಗ, ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿಯವರು ಹೋಗಲಿಲ್ಲ. ನೀತಿ ತಪ್ಪಿದ್ದರೆ ಅದಕ್ಕೆ ಸಿಪಾಯಿ ಏಕೆ ಹೊಣೆಯಾಗಬೇಕು? ಮರುವರ್ಷ ರಾಜೀವರ ಹತ್ಯೆಯಾಯಿತು. ಹಂತಕರ ಮುಂದಾಳು ಶಿವರಾಸನ್ ಕೊನೆಗೆ ಅಡಗಿದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ.

ಯುದ್ಧ ನ್ಯಾಯಯುತವಾಗಲು ಸಂತ ತೋಮಸ್ ಅಕ್ವಿನಾಸರು ಮೂರು ನಿಬಂಧನೆಗಳನ್ನು ಹೇಳಿದ್ದಾರೆ: ಅಧಿಕೃತ ಪ್ರಭುತ್ವ, ನ್ಯಾಯವಾದ ಕಾರಣ, ಶುದ್ಧ ಉದ್ದೇಶ. ಮೊದಲೆರಡನ್ನು ಒಪ್ಪೋಣ, ಕೊಲಂಬೊ ಸರ್ಕಾರವೇ ಕರೆದಿತ್ತು, ತಮಿಳರ ಸಂಕಟವೂ ನಿಜ. ಎಡವಿದ್ದು ಮೂರನೆಯದರಲ್ಲಿ. ಒಪ್ಪಂದಕ್ಕೆ ಲಗತ್ತಾದ ಪತ್ರಗಳಲ್ಲಿ ತ್ರಿಂಕೋಮಲಿ ಬಂದರು, ಅಲ್ಲಿಯ ತೈಲ ಸಂಗ್ರಹಾಗಾರ, ವಿದೇಶಿ ಪ್ರಸಾರ ಕೇಂದ್ರಗಳ ವಿಚಾರವಿತ್ತು. ಪಂಚಾಯಿತಿ ಮಾಡಲು ಹೋದ ಹಿರಿಯನೇ ಹಿತ್ತಲಿನ ಪಾಲು ಕೇಳಿದರೆ ಅವನ ಮಾತನ್ನು ಯಾರು ನಂಬುತ್ತಾರೆ? ಅದಕ್ಕೂ ಮಿಗಿಲಾಗಿ, ಹುಲಿಗಳಿಗೆ ಮೊದಲು ತರಬೇತಿ ದೊರೆತದ್ದು ನಮ್ಮ ನೆಲದಲ್ಲೇ.

ಸೇನೆಯನ್ನು ಕರೆಸಿದ್ದು ವಿ.ಪಿ. ಸಿಂಗ್ ಸರ್ಕಾರ. ನಿಜವಾದ ಮರುಚಿಂತನೆ ಕಂಡದ್ದು 1996ರಲ್ಲಿ, ಕನ್ನಡಿಗರೇ ಪ್ರಧಾನಿಯಾಗಿದ್ದಾಗ. ಬಾಂಗ್ಲಾದೇಶ, ನೇಪಾಳ, ಭೂತಾನ್, ಮಾಲ್ಡೀವ್ಸ್, ಶ್ರೀಲಂಕಾಗಳಿಂದ ಸಮಸಮ ಪ್ರತಿಫಲ ಕೇಳದೆ ನಾವೇ ಮೊದಲು ಕೊಡಬೇಕೆಂದು ವಿದೇಶಾಂಗ ಸಚಿವ ಗುಜ್ರಾಲರು ಸಾರಿದರು. ಡಿಸೆಂಬರ್ 12ರಂದು ದೇವೇಗೌಡ ಮತ್ತು ಶೇಖ್ ಹಸೀನಾ ಗಂಗಾ ಜಲ ಹಂಚಿಕೆಗೆ 30 ವರ್ಷಗಳ ಒಪ್ಪಂದ ಮಾಡಿಕೊಂಡರು. ಇದು ದೌರ್ಬಲ್ಯವೆಂದು ಹಲವರು ಟೀಕಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತನನ್ನು ಕೇಳಿ. ಮೇಲಿನವನು ನೀರು ಬಿಡುವುದು ದೌರ್ಬಲ್ಯವೆಂದು ಅವನು ಹೇಳಲಾರ.

ಆದರೆ ಸೇನೆ ಕಳಿಸದಿರುವುದೆಂದರೆ ಪಿಲಾತನಂತೆ ಕೈ ತೊಳೆದುಕೊಳ್ಳುವುದಲ್ಲ. 2009ರಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಲಂಕೆಯ ಯುದ್ಧ ಮುಗಿಯುವಾಗ ಸಾವಿರಾರು ತಮಿಳು ನಾಗರಿಕರು ಸತ್ತರು. ಅದನ್ನು ತಡೆಯುವ ಸ್ವರ ದೆಹಲಿಯಿಂದ ಗಟ್ಟಿಯಾಗಿ ಕೇಳಲಿಲ್ಲ. 1987ರ ಒಪ್ಪಂದದ ಫಲವಾಗಿ ಬಂದ 13ನೆಯ ತಿದ್ದುಪಡಿ ಲಂಕೆಯ ಸಂವಿಧಾನದಲ್ಲಿ ಉಳಿದಿದೆ. ಅದರಂತೆ ಪ್ರಾಂತಗಳಿಗೆ ಭೂಮಿ ಮತ್ತು ಪೊಲೀಸ್ ಅಧಿಕಾರ ಕೊಡಿರೆಂದು ದೆಹಲಿ ಬೇಸರಿಸದೆ ಕೇಳಬೇಕು. ಈ ಬಾರಿ ತ್ರಿಂಕೋಮಲಿಯ ಮಾತನ್ನು ಅದರೊಡನೆ ಬೆರೆಸಬಾರದು.